ಸಾಕ್ಷಿಯ ಮಾತು, ಜ್ಯೂರಿಯ ಮನಸ್ಸು



ಈ ದತ್ತಿಯ ಉಪನ್ಯಾಸಕ್ಕೆ ವಿಷಯವನ್ನು ನಾನೇ ಗೊತ್ತುಮಾಡಿಕೊಳ್ಳಬಹುದೆಂದು ವ್ಯವಸ್ಥಾಪಕರು ತಿಳಿಸಿದಾಗ, ಸಂವಿಧಾನದ ಗಂಭೀರ ಪ್ರಮೇಯಗಳನ್ನು ಎತ್ತಿಕೊಳ್ಳುವ ಸಾಹಸಕ್ಕೆ ಹೋಗದೆ, ವಿಚಾರಣಾ ನ್ಯಾಯಾಲಯದ ದಿನದಿನದ ಕಸುಬಿಗೆ ಸೇರಿದ ಎರಡು ಸಂಗತಿಗಳನ್ನು, ಎಂದರೆ ಸಾಕ್ಷಿಯನ್ನು ಕಟಕಟೆಗೆ ಅಣಿಮಾಡುವ ಬಗೆಯನ್ನೂ, ನಿರ್ಣಯ ಹೇಳತಕ್ಕ ಜ್ಯೂರಿಯನ್ನು ಆರಿಸುವ ಬಗೆಯನ್ನೂ ಆಯ್ದುಕೊಂಡೆನು. ಜ್ಯೂರಿಯನ್ನೇ ತೆಗೆದುಹಾಕಿದ ದೇಶದಲ್ಲಿ ಜ್ಯೂರಿಯ ಆಯ್ಕೆಯ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಈ ಎರಡು ಕೆಲಸಗಳಲ್ಲಿಯೂ ವಕೀಲನನ್ನು ಕಾಡುವ ಪ್ರಲೋಭನೆ ಒಂದೇ ಎಂದು ನನ್ನ ಎಣಿಕೆ: ವಿಚಾರಣೆ ನಡೆಯುವುದಕ್ಕೆ ಮೊದಲೇ ಅದರ ಫಲವನ್ನು ಭದ್ರಪಡಿಸಿಕೊಂಡುಬಿಡಬೇಕೆಂಬ ಆತುರ. ಆ ಆತುರವು ಒಂದೆಡೆ ಸಾಕ್ಷಿಯ ಬಾಯೊಳಗೆ ಮಾತಾಗಿ ಸೇರುತ್ತದೆ; ಇನ್ನೊಂದೆಡೆ ಜ್ಯೂರಿಯ ಪೀಠದ ಮೇಲೆ ಮನುಷ್ಯರಾಗಿ ಕೂರುತ್ತದೆ.

ಸಾಕ್ಷಿಯಿಂದಲೇ ಆರಂಭಿಸುತ್ತೇನೆ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತಬಾರದೆಂಬುದು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಬುದ್ಧಿಮಾತುಗಳಲ್ಲೊಂದು. ಹೀಗಿರುವಲ್ಲಿ, ಹೊಲದ ಬದುವಿನಲ್ಲಿ ತಾನು ಕಂಡ ಹೊಡೆದಾಟವನ್ನೋ, ಕ್ರಯಪತ್ರಕ್ಕೆ ತಾನು ಹಾಕಿದ ರುಜುವನ್ನೋ ಕುರಿತು ನಾಲ್ಕು ಮಾತು ಹೇಳುವುದಕ್ಕಾಗಿ ಸಮನ್ಸು ಹಿಡಿದು ಊರಿಂದ ಬಂದು, ಬೆಳಗಿನಿಂದ ಜಗಲಿಯಲ್ಲಿ ಕಾದು, ಜವಾನನು ಮೂರು ಸಲ ಹೆಸರು ಕೂಗಿದ ಮೇಲೆ ಒಳಹೊಕ್ಕು, ಎತ್ತರದ ಪೀಠವನ್ನೂ ಕರಿಯ ಕೋಟುಗಳನ್ನೂ ಕಂಡ ರೈತನ ಬಾಯಿ ಒಣಗಿದರೆ ಅದು ಆತನ ಸತ್ಯಸಂಧತೆಗೆ ಕುಂದಲ್ಲ. ಆ ಭಯವನ್ನು ಕಳೆಯುವುದು ವಕೀಲನ ಧರ್ಮಸಮ್ಮತವಾದ ಕೆಲಸ. ಎಲ್ಲಿ ನಿಲ್ಲಬೇಕು, ಪ್ರಮಾಣವಚನವನ್ನು ಯಾರು ಹೇಳಿಸುತ್ತಾರೆ, ಯಾರನ್ನು ನೋಡಿ ಉತ್ತರಿಸಬೇಕು, ಮುಖ್ಯ ವಿಚಾರಣೆ ಮುಗಿದ ಮೇಲೆ ಎದುರು ಪಕ್ಷದ ವಕೀಲರು ಪಾಟೀ ಸವಾಲು ಮಾಡುವುದು ಅವರಿಗೆ ಆತನ ಮೇಲಿರುವ ಹಗೆಯಿಂದಲ್ಲ, ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುವುದಕ್ಕೆ ಅವಕಾಶವುಂಟು, ಗೊತ್ತಿಲ್ಲವೆಂಬುದೂ ನೆನಪಿಲ್ಲವೆಂಬುದೂ ಮರ್ಯಾದೆಯ ಉತ್ತರಗಳೇ. ಇಷ್ಟನ್ನು ತಿಳಿಸಿದರೆ ಅರ್ಧ ಸಿದ್ಧತೆ ಆದಂತೆಯೇ. ಇನ್ನೊಂದು ಮಾತನ್ನು ಮುಖ್ಯವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಒಳ್ಳೆಯ ಸಾಕ್ಷಿಗಳು ಕೆಟ್ಟುಹೋದದ್ದನ್ನು ನಾನು ಕಂಡಿದ್ದೇನೆ. ವಕೀಲರನ್ನು ಮೊದಲೇ ಭೇಟಿಮಾಡಿದ್ದಿರೋ ಎಂಬ ಪ್ರಶ್ನೆ ಬಂದಾಗ, ಹೌದೆಂದರೆ ಪ್ರಮಾದವಾದೀತೆಂದು ಹೆದರಿ, ಅವರ ಮುಖವನ್ನೇ ಇಂದು ನೋಡುತ್ತಿದ್ದೇನೆಂದು ಸಾಕ್ಷಿ ಹೇಳಿಬಿಡುತ್ತಾನೆ. ನ್ಯಾಯಾಧೀಶರೂ ಗುಮಾಸ್ತೆಯೂ ಗೋಡೆಗೊರಗಿ ನಿಂತ ಪೊಲೀಸು ಪೇದೆಯೂ ಅದು ಸುಳ್ಳೆಂದು ಬಲ್ಲರು. ಭೇಟಿಯಾದದ್ದು ತಪ್ಪಲ್ಲ, ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳು ಎಂಬ ಒಂದು ವಾಕ್ಯದಿಂದ ತಪ್ಪಿಸಬಹುದಾದ ಅನಾಹುತವಿದು.

ಇಲ್ಲಿಂದ ಮುಂದಿನದು ಇಕ್ಕಟ್ಟಿನ ದಾರಿ. ತನಿಖಾಧಿಕಾರಿಯ ಮುಂದೆ ಸಾಕ್ಷಿ ಕೊಟ್ಟ ಹೇಳಿಕೆಯನ್ನು ವಿಚಾರಣೆಯ ಮುನ್ನ ಆತನಿಗೆ ಓದಿಹೇಳುವುದು ಸಾಮಾನ್ಯ ರೂಢಿ. ಆ ಹೇಳಿಕೆಯಾದರೋ ಠಾಣೆಯ ಬರಹಗಾರನ ಭಾಷೆಯಲ್ಲಿ ಇರುತ್ತದೆ. ಹಳ್ಳಿಯ ಮುದುಕಿಯು ತನ್ನ ಜನ್ಮದಲ್ಲಿ ಆಡದ ‘ಸದರಿ’, ‘ಮೇಲ್ಕಂಡ’, ‘ಏಕಾಏಕಿ’ ಎಂಬ ಪದಗಳು ಅದರಲ್ಲಿ ತುಂಬಿರುತ್ತವೆ. ಉತ್ಸಾಹಿಯಾದ ವಕೀಲನು ಆ ಪದಗಳನ್ನೇ ಆಕೆಗೆ ಅಭ್ಯಾಸ ಮಾಡಿಸಿದರೆ, ಆಕೆ ಕಣ್ಣಾರೆ ಕಂಡ ಘಟನೆಯೂ ಮಗ್ಗಿ ಒಪ್ಪಿಸಿದಂತೆ ಕೇಳಿಸುತ್ತದೆ. ನಿಜವಾದ ಸಂಗತಿಯು ಅತಿಯಾದ ಸಿದ್ಧತೆಯಿಂದ ನಂಬಲಾಗದ ಸಂಗತಿಯಾಗುವುದು ಹೇಗೆಂಬುದಕ್ಕೆ ನಾನು ಬಲ್ಲ ದೃಷ್ಟಾಂತಗಳಲ್ಲಿ ಅತ್ಯಂತ ದಾರುಣವಾದದ್ದು ನ್ಯೂಯಾರ್ಕ್ ನಗರದ್ದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅಪ್ಪಣೆಯಾಗಬೇಕು.

1911ನೆಯ ಇಸವಿ ಮಾರ್ಚ್ 25, ಶನಿವಾರ ಸಂಜೆ, ಆ ನಗರದ ಆಶ್ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿದ್ದ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇಟಲಿಯಿಂದಲೂ ಪೂರ್ವ ಯೂರೋಪಿನಿಂದಲೂ ವಲಸೆ ಬಂದ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಒಂಬತ್ತನೆಯ ಅಂತಸ್ತಿನಲ್ಲಿ ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ ಹಾಕಿದ್ದರೆಂಬುದೂ, ಅದು ಮಾಲೀಕರಿಗೆ ತಿಳಿದಿತ್ತೆಂಬುದೂ ಸರಕಾರದ ಪಕ್ಷ. ಮಾಲೀಕರಾದ ಮ್ಯಾಕ್ಸ್ ಬ್ಲ್ಯಾಂಕ್ ಮತ್ತು ಐಸಾಕ್ ಹ್ಯಾರಿಸ್ ಇಬ್ಬರ ಮೇಲೆ ಆ ವರ್ಷದ ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು. ಅವರ ಪರವಾಗಿ ನಿಂತವನು ಮ್ಯಾಕ್ಸ್ ಸ್ಟ್ಯೂಯರ್; ಅವನೂ ಬಾಲ್ಯದಲ್ಲಿ ವಲಸೆ ಬಂದು, ಅದೇ ಬಡವರ ಬೀದಿಗಳಲ್ಲಿ ಬೆಳೆದು, ಆ ಜನರ ನುಡಿಯನ್ನೂ ನಾಚಿಕೆಯನ್ನೂ ಬಲ್ಲವನು. ಕೇಟ್ ಆಲ್ಟರ್ಮನ್ ಎಂಬ ಕೆಲಸಗಾತಿಯು ತನ್ನ ಜೊತೆಗಾತಿ ಮಾರ್ಗರೆಟ್ ಶ್ವಾರ್ಟ್ಸ್ ಆ ಬಾಗಿಲ ಬಳಿ ಬೆಂಕಿಗೆ ಸಿಕ್ಕಿದ್ದನ್ನು, ತಾನು ಹೇಗೋ ಉರಿಯ ನಡುವೆ ಓಡಿ ಪಾರಾದುದನ್ನು ನುಡಿದಾಗ ನ್ಯಾಯಾಲಯವೆಲ್ಲ ಕರಗಿಹೋಯಿತು. ಒರಟಾದ ಪಾಟೀ ಸವಾಲು ಮಾಡಿದರೆ ಜ್ಯೂರಿಯ ಅನುಕಂಪ ಇಮ್ಮಡಿಯಾಗುತ್ತದೆಂದು ಬಲ್ಲ ಸ್ಟ್ಯೂಯರನು ಸ್ವರವೇರಿಸಲಿಲ್ಲ. ನಯವಾಗಿ ಮಾತನಾಡಿಸಿ, ಇತರ ವಿಚಾರಗಳನ್ನು ಕೇಳಿ, ಕೊನೆಗೆ ನಡೆದುದನ್ನು ಇನ್ನೊಮ್ಮೆ ಹೇಳೆಂದನು. ಆಕೆ ಹೇಳಿದಳು. ಅದೇ ಉಪಮೆಗಳು, ಅದೇ ಕ್ರಮ, ಹೆಚ್ಚುಕಡಿಮೆ ಅವೇ ಶಬ್ದಗಳು. ಮತ್ತೊಮ್ಮೆ ಕೇಳಿದನು, ಮತ್ತೆ ಹಾಗೆಯೇ. ಒಂದು ಪದ ಬಿಟ್ಟುಹೋಯಿತಲ್ಲವೆ ಎಂದು ಮೆಲ್ಲಗೆ ನೆನಪಿಸಿದರೆ, ಹೌದೆಂದು ಆ ಪದವನ್ನೂ ಸೇರಿಸಿ ಹೇಳಿದಳು. ಮಾಲೀಕರಿಬ್ಬರೂ ನಿರ್ದೋಷಿಗಳೆಂದು ನಿರ್ಣಯ ಹೇಳುವುದಕ್ಕೆ ಜ್ಯೂರಿಗೆ ಎರಡು ಗಂಟೆಯೂ ಹಿಡಿಯಲಿಲ್ಲ.

ಈ ಪ್ರಸಂಗವನ್ನು ವಕೀಲರ ಕೈಪಿಡಿಗಳು ಪಾಟೀ ಸವಾಲಿನ ಒಂದು ವಿಜಯವೆಂದು ಹೊಗಳುತ್ತವೆ. ಕಸುಬಿನ ದೃಷ್ಟಿಯಿಂದ ಅದು ವಿಜಯವೇ; ನಾನು ಅಲ್ಲಗಳೆಯೆನು. ಆದರೆ ಆಕೆ ಸುಳ್ಳು ಹೇಳಿದಳೆಂದು ಅದರಿಂದ ಸಿದ್ಧವಾಗುವುದಿಲ್ಲ. ಪರದೇಶದ ಭಾಷೆಯಲ್ಲಿ, ಆ ಭಾಷೆಯನ್ನು ಅರೆಬರೆ ಕಲಿತವಳೊಬ್ಬಳು, ತಿಂಗಳುಗಟ್ಟಲೆ ಅಧಿಕಾರಿಗಳ ಮುಂದೆಯೂ ನೆಂಟರ ಮುಂದೆಯೂ ಒಂದೇ ಘೋರವನ್ನು ಹೇಳಿ ಹೇಳಿ, ಆ ಮಾತು ಎರಕದಂತೆ ಗಟ್ಟಿಯಾಗಿರಬಹುದು. ಸರಕಾರದ ವಕೀಲರು ಬೇಕೆಂದೇ ಬಾಯಿಪಾಠ ಮಾಡಿಸಿದ್ದರೂ ಮಾಡಿಸಿರಬಹುದು. ಜ್ಯೂರಿಯವರ ಕಿವಿಗೆ ಈ ಎರಡರ ಭೇದ ತಿಳಿಯುವಂತಿರಲಿಲ್ಲ. ಬಾಗಿಲಿಗೆ ಬೀಗವಿದ್ದದ್ದು ಮಾಲೀಕರಿಗೆ ಆ ಗಳಿಗೆಯಲ್ಲಿ ತಿಳಿದಿತ್ತೆಂಬುದು ಸಂದೇಹಾತೀತವಾಗಿ ಸಿದ್ಧವಾಗಬೇಕೆಂಬ ನ್ಯಾಯಾಧೀಶರ ಬೋಧನೆಯೂ ಬಿಡುಗಡೆಗೆ ಕಾರಣವಾಯಿತೆಂಬುದನ್ನು ಮರೆಯಬಾರದು. ಹೆಂಗಸರಿಗೆ ನ್ಯೂಯಾರ್ಕಿನಲ್ಲಿ ಜ್ಯೂರಿಯ ಪೀಠ ದೊರೆತದ್ದು 1937ರಲ್ಲಿ; ಆದಕಾರಣ ಆ ಹೆಣ್ಣಿನ ಮಾತನ್ನು ತೂಗಿದವರೆಲ್ಲ ಗಂಡಸರು. ಇದನ್ನು ಈಗ ಹೇಳಿಟ್ಟು ಆಯ್ಕೆಯ ವಿಷಯಕ್ಕೆ ಬಂದಾಗ ಮುಂದುವರಿಸುತ್ತೇನೆ.

ಮಾತಿನ ವೈಖರಿಯಿಂದ ಸತ್ಯವನ್ನು ಅಳೆಯುವುದು ಎಷ್ಟು ಅಪಾಯಕರವೆಂಬುದನ್ನು ನಮ್ಮ ನಾಡಿನವನೇ ಆದ ಶಾಸ್ತ್ರಕಾರನೊಬ್ಬನು ಒಂಬೈನೂರು ವರ್ಷಗಳ ಹಿಂದೆ ಕಂಡುಕೊಂಡಿದ್ದನು. ಸುಳ್ಳುಗಾರನು ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿಯುತ್ತಾನೆ, ಕಟಬಾಯನ್ನು ನೆಕ್ಕಿಕೊಳ್ಳುತ್ತಾನೆ, ಅವನ ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆ, ಮಾತು ತಡವರಿಸುತ್ತದೆ ಎಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಲಕ್ಷಣಗಳನ್ನು ಎಣಿಸುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಆ ಶ್ಲೋಕಗಳಿಗೆ ವ್ಯಾಖ್ಯಾನ ಮಾಡುತ್ತ, ಇವು ದೋಷದ ಸಂಭಾವನೆಯನ್ನು ಮಾತ್ರ ತೋರುತ್ತವೆ, ದೋಷದ ನಿಶ್ಚಯಕ್ಕೆ ಸಾಲವು, ಏಕೆಂದರೆ ಸ್ವಭಾವದಿಂದ ಬಂದ ವಿಕಾರವನ್ನೂ ಕಾರಣದಿಂದ ಬಂದ ವಿಕಾರವನ್ನೂ ಬೇರ್ಪಡಿಸುವುದು ಕಷ್ಟ ಎಂಬ ಅಭಿಪ್ರಾಯವನ್ನು ಸೇರಿಸುತ್ತಾನೆ. ಭಯಸ್ಥನೂ ಬೆವರುತ್ತಾನೆ, ನುರಿತ ಸುಳ್ಳುಗಾರನು ಬೆವರುವುದೇ ಇಲ್ಲ. ಕಟಕಟೆಯ ನಡವಳಿಕೆಯ ಮೇಲೆ ಪುಟಗಟ್ಟಲೆ ಬರೆಯುವ ಇಂದಿನ ತೀರ್ಪುಗಾರರಲ್ಲಿ ಎಲ್ಲರೂ ಈ ಸಂಯಮವನ್ನು ತೋರುತ್ತಾರೆಂದು ಹೇಳಲಾರೆ.

ಪ್ರಶ್ನೆಯ ರೂಪವೇ ನೆನಪಿನ ರೂಪವನ್ನು ಬದಲಿಸುತ್ತದೆಂಬುದಕ್ಕೆ ಈಗ ಪ್ರಯೋಗಸಿದ್ಧವಾದ ಆಧಾರವೂ ಇದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಮೋಟಾರು ಅಪಘಾತದ ಚಿತ್ರಗಳನ್ನು ತೋರಿಸಿ, ಗಾಡಿಗಳು ಎಷ್ಟು ವೇಗದಲ್ಲಿದ್ದುವೆಂದು ಕೇಳಿದರು. ಒಂದು ಗುಂಪಿಗೆ ‘ತಾಗಿದಾಗ’ ಎಂಬರ್ಥದ ಕ್ರಿಯಾಪದವನ್ನೂ, ಇನ್ನೊಂದಕ್ಕೆ ‘ಅಪ್ಪಳಿಸಿ ನುಜ್ಜಾದಾಗ’ ಎಂಬರ್ಥದ್ದನ್ನೂ ಬಳಸಿದರು. ಎರಡನೆಯ ಗುಂಪಿನವರು ಹೆಚ್ಚಿನ ವೇಗವನ್ನು ಹೇಳಿದ್ದಲ್ಲದೆ, ವಾರದ ತರುವಾಯ ವಿಚಾರಿಸಿದಾಗ ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರು ಅವರಲ್ಲಿಯೇ ಅಧಿಕವಾಗಿದ್ದರು. ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆ ಕೂಡದೆಂಬ ನಮ್ಮ ಸಾಕ್ಷ್ಯ ಕಾನೂನಿನ ನಿಯಮವು 1872ರಿಂದಲೂ ಇದೆ. ಆದರೆ ವಕೀಲರ ಕಚೇರಿಯ ಕೊಠಡಿಯಲ್ಲಿ ಹಿಂದಿನ ಸಂಜೆ ಕೇಳುವ ಪ್ರಶ್ನೆಗಳಿಗೆ ತಡೆಯೊಡ್ಡಲು ಅಲ್ಲಿ ನ್ಯಾಯಾಧೀಶರು ಯಾರಿದ್ದಾರೆ? ಆದ್ದರಿಂದ ನನ್ನ ಕಿರಿಯ ಮಿತ್ರರಿಗೆ ಹೇಳುವುದಿಷ್ಟು: ಸಾಕ್ಷಿಯನ್ನು ಮೊದಲು ತಡೆಯಿಲ್ಲದೆ ಆತನ ಮಾತಿನಲ್ಲಿಯೇ ಹೇಳಲು ಬಿಡಿರಿ, ಆಮೇಲೆ ಕಾಗದಗಳನ್ನು ತೋರಿಸಿರಿ, ವ್ಯತ್ಯಾಸ ಕಂಡರೆ ಅದನ್ನು ತಿದ್ದದೆ, ಅದಕ್ಕೆ ಕಾರಣವನ್ನು ಆತನಿಂದಲೇ ಕೇಳಿರಿ. ವ್ಯತ್ಯಾಸವೇ ಇಲ್ಲದ ಐದು ಸಾಕ್ಷಿಗಳಿಗಿಂತ ಸಣ್ಣಪುಟ್ಟ ವ್ಯತ್ಯಾಸಗಳಿರುವ ಇಬ್ಬರು ನಂಬಿಕೆಗೆ ಹೆಚ್ಚು ಅರ್ಹರೆಂದು ಅನುಭವಸ್ಥ ನ್ಯಾಯಾಧೀಶರು ಬಲ್ಲರು.

ಈ ಗೆರೆಯನ್ನು ದೇಶಗಳು ಬೇರೆಬೇರೆ ಕಡೆ ಎಳೆದಿವೆ. ಅಮೆರಿಕದ ವಕೀಲನು ಸಾಕ್ಷಿಯೊಡನೆ ಪ್ರಶ್ನೋತ್ತರವನ್ನು ಅಭ್ಯಾಸ ಮಾಡಬಹುದು, ಅಣಕು ಪಾಟೀ ಸವಾಲನ್ನೂ ನಡೆಸಬಹುದು. ಸುಳ್ಳನ್ನು ಹೇಳಿಸಕೂಡದೆಂಬುದೊಂದೇ ಎಲ್ಲೆ. ಇಂಗ್ಲೆಂಡಿನಲ್ಲಿ ಅಷ್ಟು ಸಲಿಗೆಯಿಲ್ಲ. ಯಾರ್ಲ್ಸ್ ವುಡ್ ಎಂಬ ಬಂಧನಕೇಂದ್ರದ ಗಲಭೆಯಿಂದ ಹುಟ್ಟಿದ ಮೊಮೊಡೂ ಪ್ರಕರಣದಲ್ಲಿ 2005ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು, ಅಪರಾಧ ಮೊಕದ್ದಮೆಯಲ್ಲಿ ಸಾಕ್ಷಿಗೆ ನ್ಯಾಯಾಲಯದ ರೀತಿನೀತಿಗಳನ್ನು ಪರಿಚಯಿಸಬಹುದು, ಆದರೆ ಆತನ ಸಾಕ್ಷ್ಯವನ್ನೇ ತರಬೇತಿಗೆ ಒಳಪಡಿಸಕೂಡದು ಎಂದಿತು. ನಮ್ಮ ನಾಡಿನಲ್ಲಿ ನಿಯಮ ಇಂಗ್ಲೆಂಡಿನ ಕಡೆ, ವಾಡಿಕೆ ಅಮೆರಿಕದ ಕಡೆ. ಇದಕ್ಕಿಂತ ಹೆಚ್ಚು ಹೇಳಿದರೆ ಸಭೆಯಲ್ಲಿ ಕೆಲವರು ಮುಖ ತಗ್ಗಿಸಬೇಕಾದೀತು.

ಇನ್ನು ಜ್ಯೂರಿ. ಅಮೆರಿಕದಲ್ಲಿ ಪಟ್ಟಿಯಿಂದ ಕರೆಸಿದ ನಾಗರಿಕರನ್ನು ಉಭಯ ಪಕ್ಷಗಳೂ ನ್ಯಾಯಾಧೀಶರೂ ಪ್ರಶ್ನಿಸಿ, ಪಕ್ಷಪಾತ ಕಂಡುಬಂದವರನ್ನು ಕಾರಣ ತೋರಿಸಿ ಬಿಡಿಸಬಹುದು; ಅದಲ್ಲದೆ, ಗೊತ್ತಾದ ಸಂಖ್ಯೆಯವರನ್ನು ಯಾವ ಕಾರಣವನ್ನೂ ಹೇಳದೆ ನಿರಾಕರಿಸುವ ಹಕ್ಕೂ ಉಂಟು. ಈ ಎರಡನೆಯ ಹಕ್ಕಿನ ಸುತ್ತ ಒಂದು ಜಾನಪದವೇ ಬೆಳೆಯಿತು. ಪ್ರಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ 1936ರಲ್ಲಿ ಎಸ್ಕ್ವೈರ್ ಪತ್ರಿಕೆಗೆ ಬರೆದ ಲೇಖನದಲ್ಲಿ ಆರೋಪಿಯ ಪರ ವಕೀಲನು ಐರಿಷ್ ಜನರನ್ನು ಉಳಿಸಿಕೊಳ್ಳಬೇಕು, ಪ್ರೆಸ್ಬಿಟೇರಿಯನ್ ಪಂಥದವರನ್ನು ಬೇಗ ಕಳುಹಿಸಬೇಕು, ನಗುವವರನ್ನು ಬಿಡಬಾರದು ಎಂಬಂಥ ಸಲಹೆಗಳನ್ನು ಅರ್ಧ ವಿನೋದದಿಂದಲೂ ಅರ್ಧ ವಿಶ್ವಾಸದಿಂದಲೂ ಕೊಟ್ಟನು. ಬಡವರ ಪಕ್ಷವನ್ನು ಜೀವಮಾನವೆಲ್ಲ ವಹಿಸಿದ ಆ ಉದಾರಿಯು ಮನುಷ್ಯರನ್ನು ಮತದಿಂದಲೂ ಕುಲದಿಂದಲೂ ಅಳೆಯುವ ವಿದ್ಯೆಯನ್ನು ಇಷ್ಟು ಹಗುರವಾಗಿ ಬೋಧಿಸಿದನಲ್ಲಾ ಎಂದು ನನಗೆ ಓದಿದಾಗಲೆಲ್ಲ ವಿಸ್ಮಯವಾಗುತ್ತದೆ.

ಜಾನಪದದ ಬದಲು ವಿಜ್ಞಾನ ಬಂದದ್ದು 1972ರಲ್ಲಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಪಾದ್ರಿ ಫಿಲಿಪ್ ಬೆರಿಗನ್ ಮೊದಲಾದ ಏಳು ಮಂದಿ ಹೆನ್ರಿ ಕಿಸಿಂಜರನನ್ನು ಅಪಹರಿಸಲು ಸಂಚು ಹೂಡಿದರೆಂಬ ಆರೋಪದ ಮೇಲೆ ಪೆನ್ಸಿಲ್ವೇನಿಯದ ಹ್ಯಾರಿಸ್‌ಬರ್ಗಿನಲ್ಲಿ ವಿಚಾರಣೆಗೆ ನಿಂತಾಗ, ಜೇ ಶುಲ್ಮನ್ ಎಂಬ ಸಮಾಜಶಾಸ್ತ್ರಜ್ಞನೂ ಅವನ ಜೊತೆಗಾರರೂ ಆ ಊರಿನ ಜನರ ಅಭಿಪ್ರಾಯಗಳನ್ನು ಸಮೀಕ್ಷೆ ಮಾಡಿ, ಎಂಥವರು ಆರೋಪಿಗಳಿಗೆ ಅನುಕೂಲರೆಂದು ಲೆಕ್ಕ ಹಾಕಿಕೊಟ್ಟರು. ವಿದ್ಯಾವಂತರು ಉದಾರಿಗಳಾಗಿರುತ್ತಾರೆಂಬ ಎಣಿಕೆ ಅಲ್ಲಿ ತಲೆಕೆಳಗಾಗಿ, ಹೆಚ್ಚು ಓದಿದವರೇ ಹೆಚ್ಚು ಸಂಪ್ರದಾಯಸ್ಥರೆಂದು ಸಮೀಕ್ಷೆ ತೋರಿಸಿತಂತೆ. ಆರೋಪಿಗಳ ಪಕ್ಷವು ಒಬ್ಬ ಸಾಕ್ಷಿಯನ್ನೂ ಕರೆಯದೆ ಮುಗಿಸಿತು. ಮುಖ್ಯ ಆರೋಪದ ಮೇಲೆ ಜ್ಯೂರಿ ಬಿಡುಗಡೆಯ ಕಡೆ ಹತ್ತು, ಶಿಕ್ಷೆಯ ಕಡೆ ಎರಡು ಎಂದು ಒಡೆದು ನಿರ್ಣಯವೇ ಆಗಲಿಲ್ಲ. ಅಷ್ಟೊಂದು ಗಣಿತದ ಜರಡಿ ಹಿಡಿದ ಮೇಲೂ ಆ ಇಬ್ಬರು ಒಳಗೆ ಬಂದಿದ್ದರೆಂಬುದನ್ನು, ಇಂದು ಲಕ್ಷಾಂತರ ಡಾಲರುಗಳ ವ್ಯಾಪಾರವಾಗಿರುವ ಆಯ್ಕೆ ಸಲಹೆಗಾರಿಕೆಯ ಪ್ರಚಾರಕರು ಅಷ್ಟಾಗಿ ಎತ್ತಿ ಆಡುವುದಿಲ್ಲ.

ಆದರೆ ಈ ವಿದ್ಯೆಯ ನಿಜವಾದ ಕರಾಳ ಮುಖ ಸಮೀಕ್ಷೆಯಲ್ಲಿಲ್ಲ, ಬಣ್ಣದಲ್ಲಿದೆ. ಕೆಂಟಕಿಯ ಬ್ಯಾಟ್ಸನ್ ಎಂಬಾತನ ವಿಚಾರಣೆಯಲ್ಲಿ ಸರಕಾರದ ವಕೀಲನು ಪಟ್ಟಿಯಲ್ಲಿದ್ದ ನಾಲ್ವರು ಕರಿಯರನ್ನೂ ಕಾರಣ ಹೇಳದೆ ಹೊರಗಿಟ್ಟು ಬಿಳಿಯರ ಜ್ಯೂರಿಯನ್ನು ಕಟ್ಟಿದನು. 1986ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹೀಗೆ ಕುಲವನ್ನು ನೋಡಿ ನಿರಾಕರಿಸಕೂಡದೆಂದೂ, ಸಂಶಯ ಬಂದರೆ ವಕೀಲನು ಬೇರೆ ಕಾರಣವನ್ನು ತೋರಿಸಬೇಕೆಂದೂ ವಿಧಿಸಿತು; 1994ರಲ್ಲಿ ಅದೇ ನಿಯಮ ಲಿಂಗಭೇದಕ್ಕೂ ವಿಸ್ತರಿಸಿತು. ಕಾರಣಗಳು ವಕೀಲನಿಗೆ ಎಂದಾದರೂ ಕಡಮೆಯಾಗುವುವೇ? ಮಿಸಿಸಿಪಿಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕರಿಯನನ್ನು ಒಂದೇ ಕೊಲೆ ಪ್ರಕರಣಕ್ಕಾಗಿ ಆರು ಸಲ ವಿಚಾರಣೆ ಮಾಡಿದರು. ಆ ಆರು ವಿಚಾರಣೆಗಳಲ್ಲಿ ಸರಕಾರದ ವಕೀಲನಿಗೆ ನಿರಾಕರಿಸಲು ಅವಕಾಶವಿದ್ದ 42 ಕರಿಯ ನಾಗರಿಕರಲ್ಲಿ 41 ಮಂದಿಯನ್ನು ಆತನು ತೆಗೆದುಹಾಕಿದನು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರನೆಯ ವಿಚಾರಣೆಯಲ್ಲಿ ವಿಧಿಸಿದ ಶಿಕ್ಷೆಯನ್ನು ರದ್ದುಮಾಡಿತು. ಇಂಗ್ಲೆಂಡು ಕಾರಣವಿಲ್ಲದ ನಿರಾಕರಣೆಯ ಹಕ್ಕನ್ನು 1988ರ ಕಾನೂನಿನಿಂದಲೇ ತೆಗೆದಿತ್ತು. ಅರಿಜೋನ ರಾಜ್ಯವು 2022ರ ಆರಂಭದಿಂದ ತೆಗೆಯಿತು. ನನ್ನ ಮತವನ್ನು ಕೇಳಿದರೆ ಅದೇ ನೇರವಾದ ದಾರಿ.

ನಮ್ಮವರೂ ಈ ರುಚಿಯನ್ನು ಉಂಡವರೇ. 1908ರಲ್ಲಿ ಕೇಸರಿ ಪತ್ರಿಕೆಯ ಲೇಖನಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದಾಗ, ಆರೋಪಿಯ ಪಕ್ಷದ ಆಕ್ಷೇಪಣೆಯನ್ನು ತಳ್ಳಿ, ವಿಶೇಷ ಜ್ಯೂರಿಯನ್ನು ಕರೆಯಬೇಕೆಂಬ ಸರಕಾರದ ಕೋರಿಕೆಯನ್ನು ಒಪ್ಪಿದ ನ್ಯಾಯಮೂರ್ತಿ ದಾವರರು 1897ರ ಮೊಕದ್ದಮೆಯಲ್ಲಿ ಅದೇ ತಿಲಕರ ಪರ ವಕೀಲರಾಗಿ ಜಾಮೀನು ಕೇಳಿದ್ದವರು. ಆ ಜ್ಯೂರಿಯಲ್ಲಿ ಏಳು ಮಂದಿ ಯೂರೋಪಿಯನ್ನರು, ಇಬ್ಬರು ಪಾರಸಿಗಳು. ಮರಾಠಿ ಲೇಖನದ ರಾಜದ್ರೋಹವನ್ನು ಅವರು ಭಾಷಾಂತರದ ಮೂಲಕ ಅಳೆಯಬೇಕಿತ್ತು. ತಿಲಕರು ತಮ್ಮ ಪಕ್ಷವನ್ನು ತಾವೇ ವಾದಿಸುತ್ತ, ಹಲವು ದಿನಗಳ ಮೇಲೆ ಹಬ್ಬಿದ ಇಪ್ಪತ್ತು ಗಂಟೆಗೂ ಮಿಗಿಲಾದ ಭಾಷಣದಲ್ಲಿ ಆ ಭಾಷಾಂತರದ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ನಿರ್ಣಯ ಏಳಕ್ಕೆ ಎರಡು. ಶಿಕ್ಷೆ ಆರು ವರ್ಷಗಳ ದೇಶಾಂತರವಾಸ. ಆ ವಾದಕ್ಕಿಂತ ಉತ್ತಮವಾದ ವಾದವನ್ನು ಯಾರಾದರೂ ಮಾಡಬಹುದಿತ್ತೆಂದು ನಾನು ನಂಬಲಾರೆ. ಪೀಠದಲ್ಲಿ ಕುಳಿತವರನ್ನು ಗೊತ್ತುಮಾಡಿದ ದಿನವೇ ಅದು ಸೋತಿತ್ತು.

ಅದಕ್ಕೆ ಎದುರಾದ ದೃಷ್ಟಾಂತ ನಿಮಗೆಲ್ಲ ತಿಳಿದ ನಾನಾವತಿ ಪ್ರಕರಣ, ಅದನ್ನು ವಿಸ್ತರಿಸುವುದಿಲ್ಲ. 1959ರ ಏಪ್ರಿಲ್ 27ರಂದು ಪ್ರೇಮ್ ಅಹುಜಾ ಎಂಬಾತನು ನೌಕಾದಳದ ಅಧಿಕಾರಿ ನಾನಾವತಿಯ ಗುಂಡೇಟಿಗೆ ಸತ್ತಾಗ, ಬ್ಲಿಟ್ಜ್ ಪತ್ರಿಕೆಯು ಆ ಅಧಿಕಾರಿಯ ಪರವಾಗಿ ವಾರವಾರವೂ ಮುಂಬಯಿಯ ಮನಸ್ಸನ್ನು ಹದಮಾಡಿತು. ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿಯೆಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. ಉಚ್ಚ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಕಡೆಗೆ 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಜ್ಯೂರಿಯನ್ನು ಕೊಂದದ್ದು ಈ ಪ್ರಕರಣವೇ ಎಂಬ ಜನಪ್ರಿಯ ಮಾತು ಅರ್ಧ ಸತ್ಯ. ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ, 1958ರಲ್ಲಿಯೇ, ಅದನ್ನು ತೆಗೆಯಬೇಕೆಂದಿತ್ತು; ಪೂರ್ತಿಯಾಗಿ ಹೋದದ್ದು 1973ರ ದಂಡಪ್ರಕ್ರಿಯಾ ಸಂಹಿತೆಯಿಂದ. ಪಾರಸಿಗಳ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ, 1936ರ ಅವರ ಕಾನೂನಿನ ಪ್ರಕಾರ, ಸಮಾಜದ ಪ್ರತಿನಿಧಿಗಳು ನ್ಯಾಯಾಧೀಶರೊಡನೆ ಕೂರುವ ಪದ್ಧತಿ ಉಳಿದಿದೆ.

ಜ್ಯೂರಿ ಹೋಯಿತು, ಆಯ್ಕೆ ಹೋಯಿತೇ? ಇದನ್ನು ಕೇಳುವುದಕ್ಕಾಗಿಯೇ ನಾನು ಇಷ್ಟು ದೂರ ಸುತ್ತಿ ಬಂದೆನು. ನ್ಯಾಯಾಧೀಶರ ಸ್ವಭಾವ ತಮ್ಮ ಕಕ್ಷಿಗೆ ಹಿಡಿಸದೆಂದು ಕಂಡಾಗ, ಅವರ ವರ್ಗಾವಣೆಯ ಕಾಲ ಬರುವವರೆಗೆ ಹಿರಿಯ ವಕೀಲರಿಗೆ ಮೈ ಸರಿಯಿಲ್ಲವೆಂದೋ, ಕಾಗದಗಳು ಬಂದಿಲ್ಲವೆಂದೋ ವಾಯಿದೆಯ ಮೇಲೆ ವಾಯಿದೆ ಕೇಳುವ ಪದ್ಧತಿಯನ್ನು ಈ ಸಭೆಯಲ್ಲಿ ಕಾಣದವರು ಯಾರೂ ಇಲ್ಲ. ಕಾರಣ ಹೇಳದೆ ಜ್ಯೂರಿಯವನನ್ನು ನಿರಾಕರಿಸುವ ಅಮೆರಿಕದ ವಕೀಲನಿಗೂ, ಸುಳ್ಳು ಕಾರಣ ಹೇಳಿ ನ್ಯಾಯಾಧೀಶರನ್ನು ದಾಟಿಸುವ ನಮಗೂ ನೀತಿಯ ದೃಷ್ಟಿಯಿಂದ ಎಷ್ಟು ಅಂತರವಿದೆಯೆಂದು ತೂಗಿ ನೋಡಬೇಕು. ಅದರ ಬೆಲೆಯನ್ನು ತೆರುವವನು ಸಾಕ್ಷಿ. ಪ್ರತಿ ವಾಯಿದೆಗೂ ಆತನ ಕೂಲಿ ಹೋಗುತ್ತದೆ, ನೆನಪು ತೆಳುವಾಗುತ್ತದೆ, ತೆಳುವಾದ ನೆನಪನ್ನು ದಪ್ಪಮಾಡಲು ಮತ್ತೆ ವಕೀಲರ ಕೊಠಡಿಯ ಪಾಠ ಬೇಕಾಗುತ್ತದೆ, ನಡುವೆ ಎದುರು ಪಕ್ಷದವರಿಗೆ ಆತನನ್ನು ಹೆದರಿಸುವುದಕ್ಕೂ ಒಲಿಸುವುದಕ್ಕೂ ಅವಕಾಶ ದೊರೆಯುತ್ತದೆ, ಕಡೆಗೆ ಆತನು ಪ್ರತಿಕೂಲ ಸಾಕ್ಷಿಯೆನಿಸಿಕೊಳ್ಳುತ್ತಾನೆ. 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿಗಳನ್ನು ಹೀಗೆ ಸುಮ್ಮನೆ ಅಲೆದಾಡಿಸುವುದನ್ನು ಕಟುವಾಗಿ ಖಂಡಿಸಿತು. ಸಾಕ್ಷಿ ಹಾಜರಿರುವಾಗ ವಿಶೇಷ ಕಾರಣಗಳನ್ನು ಬರೆದಿಡದೆ ವಿಚಾರಣೆಯನ್ನು ಮುಂದೂಡಬಾರದೆಂದು ಹಳೆಯ ಸಂಹಿತೆಯ 309ನೆಯ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಆ ಕಟ್ಟಳೆ ಉಂಟು.

ಕಟ್ಟಳೆಯಿಂದ ಮಾತ್ರ ಆಗದ ಕೆಲಸವನ್ನು ವಕೀಲರ ಸಂಘವು ಮಾಡಬಹುದೆಂದು ನನ್ನ ನಂಬಿಕೆ. ಎದುರು ಪಕ್ಷದ ಸಾಕ್ಷಿಯು ಊರಿಂದ ಬಂದು ಜಗಲಿಯಲ್ಲಿ ಕುಳಿತ ದಿನ, ಸಾವು ಅಥವಾ ಕಠಿಣ ವ್ಯಾಧಿಯ ಹೊರತು ಬೇರಾವ ಕಾರಣಕ್ಕೂ ವಾಯಿದೆ ಕೇಳುವುದಿಲ್ಲವೆಂದೂ, ಕೇಳಿದರೆ ಆತನ ಅಂದಿನ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕೇಳಿದವರೇ ಕೊಡತಕ್ಕದ್ದೆಂದೂ ಈ ಸಂಘವು ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವನ್ನು ಮಾಡಬಹುದೇ ಎಂಬುದನ್ನು ಪರಿಶೀಲಿಸಬೇಕೆಂದು ಅಧ್ಯಕ್ಷರನ್ನು ಪ್ರಾರ್ಥಿಸುತ್ತೇನೆ.